ಅಪರಾಧಿಯ ಜಾಗದಲ್ಲಿ ಕಾವಲುಗಾರನ ಫೋಟೊ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಿಮ್ಮ ಕೃಷಿ ಪುಟದಲ್ಲಿ ಅಶ್ವಗಂಧದ ಕೀಟಬಾಧೆ ಕುರಿತ ಲೇಖನ ಬಂದಿತ್ತು. ಬರೆದವರು ತಿಳಿದವರೇ, ಕೀಟದ ಬಗ್ಗೆ ಅವರ ಮಾತಿನಲ್ಲಿ ತಪ್ಪಿಲ್ಲ. ಎಪಿಲಾಕ್ನಾ ಎಂಬ ದುಂಬಿ ಎಲೆಯ ಹಸಿರನ್ನು ಕೆರೆದು ತಿಂದು ನರಗಳನ್ನಷ್ಟೇ ಉಳಿಸುತ್ತದೆ ಎಂಬುದು ನಿಜ, ಈ ಸಲದ ಮಳೆಯಲ್ಲಿ ಅದರ ಹಾವಳಿ ಹೆಚ್ಚಾಗಿದ್ದದ್ದೂ ನಿಜ. ತಪ್ಪಿರುವುದು ಫೋಟೊದಲ್ಲಿ. ಲೇಖನದ ನಡುವೆ ಅಂಗೈಯಗಲ ಅಚ್ಚಾಗಿರುವ ಹುಳು ಎಪಿಲಾಕ್ನಾ ಅಲ್ಲವೇ ಅಲ್ಲ. ಹಳದಿ ಬೆರೆತ ಕಿತ್ತಳೆ ಬಣ್ಣ, ನುಣ್ಣಗೆ ಹೊಳೆಯುವ ಬೆನ್ನು, ಅದರ ಮೇಲೆ ಅಂಕುಡೊಂಕಾದ ಕಪ್ಪು ಗೆರೆಗಳು. ಅದು ಗಿಡಹೇನು ತಿಂದು ಬದುಕುವ ಗುಲಗಂಜಿ ಹುಳು. ಬೆಳೆಯ ಎಲೆಗೆ ಅದು ಬಾಯಿ ಹಾಕುವುದಿಲ್ಲ. ಅದರ ಅಡಿಯಲ್ಲಿ ನೀವು ದಪ್ಪ ಅಕ್ಷರಗಳಲ್ಲಿ "ಈ ಕೀಟ ಕಂಡ ಕೂಡಲೇ ಸಿಂಪಡಣೆ ಕೈಗೊಳ್ಳಿ" ಎಂದು ಮುದ್ರಿಸಿದ್ದೀರಿ.

ಹೊಲದ ಕೆಲಸದ ನಡುವೆ ಪತ್ರಿಕೆ ನೋಡುವವರು ಮೊದಲು ಚಿತ್ರ ನೋಡುತ್ತಾರೆ, ಆಮೇಲೆ ದಪ್ಪಕ್ಷರ. ಉಳಿದದ್ದನ್ನು ಓದುವುದು ಪುರುಸೊತ್ತಿದ್ದರೆ. ಅಂದು ಬೆಳಿಗ್ಗೆಯೇ ನನ್ನ ಮೈದುನ ಫೋನು ಮಾಡಿ, "ಅತ್ತಿಗೆ, ನಮ್ಮ ಹೊಲದ ತುಂಬ ಇದೇ ಹುಳು. ಪೇಪರಿನಲ್ಲೇ ಬಂದಿದೆ, ನೋಡಿದಿರಾ?" ಎಂದ. ನಾನು ಹೋಗುವಷ್ಟರಲ್ಲಿ ಬೆನ್ನಿಗೆ ಪಂಪು ಏರಿಸಿಕೊಂಡು ನಿಂತಿದ್ದ. ಇಳಿಸು ಎಂದು ಹೇಳಿ ಇಳಿಸಿದೆ. ಬದುವಿನ ಆಚೆಯವರದು ಆಗಲೇ ಮುಗಿದಿತ್ತು, ಎಲೆಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಹದಿನೈದು ದಿನ ಕಳೆಯುವುದರೊಳಗೆ ಆ ಹೊಲದ ಅಶ್ವಗಂಧದ ಕುಡಿಗಳಲ್ಲಿ ಹೇನು ಮುತ್ತಿಕೊಂಡಿತು, ಎಲೆ ಜಿಗುಟಾಯಿತು, ಜಿಗುಟಿನ ಮೇಲೆ ಕಪ್ಪು ಬೂಷ್ಟು ಕೂತಿತು. ಇದರಲ್ಲಿ ಮಾಯಮಂತ್ರವೇನಿಲ್ಲ. ಹೇನಿಗೆ ಗಂಡಿನ ಹಂಗಿಲ್ಲದೆ ಮರಿ ಹಾಕುವ ಶಕ್ತಿಯಿದೆ. ಹುಟ್ಟಿದ ಮರಿಯೂ ವಾರ ಹತ್ತು ದಿನದಲ್ಲಿ ಮರಿ ಹಾಕಲು ತೊಡಗುತ್ತದೆ. ಅದನ್ನು ತಿನ್ನುವ ಹುಳುವಿಗೆ ಮೊಟ್ಟೆ, ಮರಿ, ಕೋಶ ಎಲ್ಲವನ್ನೂ ದಾಟಿ ಬರಲು ಹೆಚ್ಚು ಕಾಲ ಬೇಕು. ವಿಷ ಎರಡನ್ನೂ ಕೊಂದರೆ ಮೊದಲು ಚೇತರಿಸಿಕೊಳ್ಳುವವರು ಯಾರು ಎಂದು ಲೆಕ್ಕ ಹಾಕಲು ಕೃಷಿ ಪದವಿ ಬೇಕಾಗಿಲ್ಲ.

ಆದ್ದರಿಂದ ಮೊದಲ ಮಾತು. ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿ ಕೈ ತೊಳೆದುಕೊಳ್ಳಬೇಡಿ. ಅದೇ ಪುಟದಲ್ಲಿ, ಅಷ್ಟೇ ದೊಡ್ಡದಾಗಿ, ಎರಡೂ ಹುಳುಗಳ ಫೋಟೊ ಅಕ್ಕಪಕ್ಕ ಹಾಕಿ. ದುಂಬಿಯದಷ್ಟೇ ಸಾಲದು, ಮರಿಹುಳುವಿನದೂ ಬೇಕು. ಹೊಲದಲ್ಲಿ ಹೆಚ್ಚು ಮೋಸ ಹೋಗುವುದು ಮರಿಹುಳುವಿನಲ್ಲೇ.

ಎರಡೂ ಒಂದೇ ವಂಶದ ದಾಯಾದಿಗಳು, ಗೊಂದಲವಾಗುವುದು ಸಹಜ. ಆದರೂ ಒಮ್ಮೆ ಹತ್ತಿರದಿಂದ ನೋಡಿದವರು ಮತ್ತೆ ತಪ್ಪುವುದಿಲ್ಲ. ಎಪಿಲಾಕ್ನಾ ಮಾಸಲು ತಾಮ್ರದ ಬಣ್ಣದ್ದು. ಮೈಮೇಲೆ ಸಣ್ಣ ರೋಮಗಳಿರುವುದರಿಂದ ಬಿಸಿಲಿಗೆ ಹಿಡಿದರೂ ಹೊಳೆಯುವುದಿಲ್ಲ. ಬೆನ್ನ ಮೇಲೆ ಒಂದೊಂದು ಬದಿಗೆ 14ರಂತೆ 28 ಕಪ್ಪು ಚುಕ್ಕೆ. ಅದರ ಮರಿ ಹಳದಿ, ಮೈತುಂಬ ಕವಲೊಡೆದ ಮುಳ್ಳು. ಎಲೆಯ ಅಡಿಯಲ್ಲಿ ಕೂತಲ್ಲೇ ಕೂತು ಮೇಯುತ್ತದೆ. ಅಶ್ವಗಂಧ ಬದನೆಯ ಕುಲದ್ದಾದ್ದರಿಂದ ಬದನೆ ತೋಟದ ಈ ಪೀಡೆ ಇಲ್ಲಿಗೂ ಬರುತ್ತದೆ. ಬೇಲಿಯ ಬದಿಯ ಗಣಿಕೆ ಗಿಡದಲ್ಲೂ ಸಿಗುತ್ತದೆ. ಗುಲಗಂಜಿ ಹುಳುವಿನ ಮರಿ ಬೂದುಗಪ್ಪು. ಅಲ್ಲಲ್ಲಿ ಹಳದಿ, ಬಿಳಿ ಗುರುತು, ಉದ್ದ ಕಾಲುಗಳು, ಬಾಲದ ಕಡೆಗೆ ಸಣ್ಣಗಾಗುತ್ತ ಹೋಗುವ ಮೈ. ಒಂದೆಡೆ ನಿಲ್ಲದೆ ಕಾಂಡದ ಮೇಲೆ ಕೆಳಗೆ ಓಡಾಡುತ್ತದೆ. ನೋಡಲು ಚೆಂದವಿಲ್ಲ, ಒಪ್ಪುತ್ತೇನೆ. ದೊಡ್ಡ ಹುಳುವನ್ನು ಮಕ್ಕಳು ಅಂಗೈ ಮೇಲೆ ಬಿಟ್ಟುಕೊಂಡು ಆಡುತ್ತಾರೆ, ಅದರ ಮರಿಯನ್ನು ದೊಡ್ಡವರು ಕೆಟ್ಟ ಹುಳು ಎಂದು ಹೊಸಕಿ ಹಾಕುತ್ತಾರೆ. ಹೇನು ತಿನ್ನುವುದರಲ್ಲಿ ಈ ಮರಿಯೇನೂ ಹಿಂದಿಲ್ಲ. ಬೆಳೆದು ದುಂಬಿಯಾಗುವಷ್ಟರಲ್ಲಿ ಒಂದೊಂದು ಮರಿ ನೂರಾರು ಹೇನುಗಳನ್ನು ಮುಗಿಸುತ್ತದೆ.

ಮೊಮ್ಮಗಳ ಶಾಲೆಯ ಭೂತಗನ್ನಡಿಯನ್ನು ನಾನು ಹೊಲಕ್ಕೆ ಒಯ್ಯುತ್ತೇನೆ. ಅವಳಿಗೆ ಬೇರೆಯದು ಕೊಡಿಸಿದ್ದಾಗಿದೆ. ಅದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಮರಿಹುಳು ಹೇನಿನ ಹಿಂಡಿನ ಅಂಚಿಗೆ ಬಂದು, ಒಂದನ್ನು ದವಡೆಯಲ್ಲಿ ಕಚ್ಚಿ, ಎಲೆಯಿಂದ ಮೇಲಕ್ಕೆತ್ತುತ್ತದೆ. ಹೇನಿನ ಸೊಂಡಿಲು ಎಲೆಯಿಂದ ಕಿತ್ತು ಬರುವುದು ಕಾಣಿಸುತ್ತದೆ. ಹೇನು ಕಾಲು ಆಡಿಸುತ್ತಲೇ ಇರುತ್ತದೆ. ಅದರ ಬೆನ್ನ ತುದಿಯಲ್ಲಿರುವ ಎರಡು ಸಣ್ಣ ಕೊಳವೆಗಳಿಂದ ಹನಿಯೊಂದು ಒಸರುತ್ತದೆ. ಆ ಹನಿಯ ವಾಸನೆ ಅಕ್ಕಪಕ್ಕದವರಿಗೆ ಅಪಾಯದ ಸೂಚನೆ. ಕೆಲವು ಸೊಂಡಿಲು ಕಿತ್ತುಕೊಂಡು ನಡೆಯಲು ತೊಡಗುತ್ತವೆ, ಕೆಲವು ಕೈಬಿಟ್ಟು ನೆಲಕ್ಕೆ ಉದುರುತ್ತವೆ. ಎಳೆಯ ಮರಿಹುಳು ರಸ ಹೀರಿ ಒಣ ಚರ್ಮವನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಬಲಿತದ್ದು ಚರ್ಮವನ್ನೂ ಬಿಡುವುದಿಲ್ಲ.

ಮೊಟ್ಟೆಯ ವಿಷಯದಲ್ಲಿ ಮಾತ್ರ ನಾನೂ ತೀರ್ಪು ಕೊಡುವುದಿಲ್ಲ. ಎರಡರದೂ ಹಳದಿ, ಎರಡೂ ಗುಂಪಾಗಿ ನೆಟ್ಟಗೆ ನಿಲ್ಲಿಸಿದಂತೆ ಇರುತ್ತವೆ. ಹತ್ತಿರದಲ್ಲಿ ಹೇನು ಇದ್ದರೆ ನಮ್ಮ ಕಡೆಯವರದೇ ಇರಬಹುದು ಎಂದುಕೊಂಡು ಒಡೆಯುವವರೆಗೆ ಕಾಯುವುದು ಮೇಲು.

ಎಪಿಲಾಕ್ನಾ ಹೆಚ್ಚಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಬೆಳಗಿನ ತಂಪಿನಲ್ಲಿ ದುಂಬಿಗಳನ್ನೂ ಹಳದಿ ಮರಿಗಳನ್ನೂ ಆರಿಸಿ ಸಾಬೂನು ನೀರಿಗೆ ಹಾಕುವುದು ಹಳೆಯ ಕ್ರಮ. ಸಣ್ಣ ಹಿಡುವಳಿಗೆ ಈಗಲೂ ಅದೇ ಸರಿ. ಆರಿಸುವಾಗ ಒಂದು ಎಚ್ಚರ ಬೇಕು. ಹಳದಿ ಇರಬೇಕಾದ ಮರಿ ಕಂದು ಬಣ್ಣಕ್ಕೆ ತಿರುಗಿ, ಬಿರುಸಾಗಿ, ಎಲೆಗೆ ಅಂಟಿಕೊಂಡಿದ್ದರೆ ಅದನ್ನು ಕೀಳಬೇಡಿ. ಅದರೊಳಗೆ ಪೀಡಿಯೋಬಿಯಸ್ ಎಂಬ ಕಣಜದ ಮರಿಗಳಿವೆ. ಕಣ್ಣಿಗೆ ಚುಕ್ಕೆಯಷ್ಟು ಕಾಣುವ ಈ ಕಣಜ ಎಪಿಲಾಕ್ನಾ ಮರಿಯೊಳಗೆ ಮೊಟ್ಟೆಯಿಟ್ಟು ಹೋಗುತ್ತದೆ, ಒಂದೇ ಮರಿಯಿಂದ ಹತ್ತಾರು ಕಣಜಗಳು ಹೊರಬರುತ್ತವೆ. 1960ರ ದಶಕದಲ್ಲಿ ಅಮೆರಿಕದವರು ತಮ್ಮ ಹುರುಳಿಕಾಯಿ ತೋಟಗಳ ದುಂಬಿಗೆ ತಕ್ಕ ಶತ್ರುವನ್ನು ಹುಡುಕುತ್ತ ಈ ಕಣಜವನ್ನು ನಮ್ಮ ದೇಶದಿಂದಲೇ ಕೊಂಡೊಯ್ದರು. ಅಲ್ಲಿ ಅದನ್ನು ಸಾಕಿ, ಮರಿ ಮಾಡಿಸಿ, ರೈತರಿಗೆ ಮಾರುತ್ತಾರೆ. ಇಲ್ಲಿ ಅದು ಪುಕ್ಕಟೆ ಬರುತ್ತದೆ, ಬಂದದ್ದನ್ನು ಸೈಪರ್‌ಮೆಥ್ರಿನ್ ಹೊಡೆದು ಕೊಲ್ಲುತ್ತೇವೆ.

ನಾನು ಯಾರು ಎಂದು ಹೇಳಲಿಲ್ಲ. ಕೊರಟಗೆರೆ ತಾಲ್ಲೂಕಿನವಳು, ಬಜೆ ಬೆಳೆಯುವ ಮನೆಯವಳು. ಬೆಂಗಳೂರಿನವರಿಗೆ ನಮ್ಮ ತಾಲ್ಲೂಕು ಎಂದರೆ ಗೊರವನಹಳ್ಳಿ ಮಹಾಲಕ್ಷ್ಮಿ, ಬಿಟ್ಟರೆ ಸಿದ್ಧರಬೆಟ್ಟದ ಗಿಡಮೂಲಿಕೆ. ಬೆಟ್ಟದ ಕೆಳಗಿನ ತಗ್ಗು ಗದ್ದೆಗಳಲ್ಲಿ ಭತ್ತದ ಹಾಗೆ ನೀರು ನಿಲ್ಲಿಸಿ ಬಜೆ ಬೆಳೆಯುವುದು ಇಲ್ಲಿಯ ಹಳೆಯ ಕಸುಬು. ಮುಂಗಾರಿಗೆ ನಾಟಿ ಮಾಡಿದರೆ ವರ್ಷ ತುಂಬುವ ಹೊತ್ತಿಗೆ ಬೇರು ಅಗೆಯುವುದು. ತುಂಡು ಮಾಡಿ, ಒಣಗಿಸಿ, ಗೋಣಿಚೀಲದಲ್ಲಿ ಉಜ್ಜಿ ಸಿಪ್ಪೆ ಬಿಡಿಸುವಾಗ ಅದರ ಘಾಟು ಮೂಗಿಗೆ ಹತ್ತಿ ದಿನವಿಡೀ ಸೀನು. ನಿಮ್ಮ ಓದುಗರ ಅನೇಕ ಮನೆಗಳಲ್ಲಿ ಹಸುಗೂಸಿಗೆ ತೇಯ್ದು ನಾಲಿಗೆಗೆ ಸವರುವುದು ಈ ಬೇರನ್ನೇ. ತುಳಸಿ ಎಲೆಯನ್ನು ಯಾರೂ ಬೇಯಿಸಿ ತಿನ್ನುವುದಿಲ್ಲ. ಅಶ್ವಗಂಧದ ಪುಡಿ ನೇರವಾಗಿ ಹಾಲಿಗೆ ಬೀಳುತ್ತದೆ. ಟೊಮೆಟೊಗೆ ಹೊಡೆಯುವ ವಿಷವನ್ನೇ ಇವಕ್ಕೂ ಹೊಡೆಯುವ ಮುನ್ನ ಯಾರಾದರೂ ಒಂದು ಗಳಿಗೆ ನಿಂತು ಯೋಚಿಸಬೇಡವೇ?

ಬಜೆಗೆ ಕಾಟ ಕೊಡುವುದು ಮುಖ್ಯವಾಗಿ ಹಿಟ್ಟು ತಿಗಣೆ. ಎಲೆಯ ಬುಡದಲ್ಲಿ, ಬೇರಿನಲ್ಲಿ ಸೇರಿಕೊಳ್ಳುತ್ತದೆ. ಹಿಟ್ಟು ತಿಗಣೆಯ ಬೆಳ್ಳಗಿನ ರಾಶಿಯಲ್ಲಿ ಕಂಡದ್ದೆಲ್ಲ ಹಿಟ್ಟು ತಿಗಣೆಯಾಗಿರಬೇಕಾಗಿಲ್ಲ, ಅದು ಯಾವ ಬೆಳೆಯ ಮೇಲಿದ್ದರೂ ಸರಿ. ನಮ್ಮ ಅಂಗಳದ ದಾಸವಾಳದ ಕೊಂಬೆಯಲ್ಲಿ ಇದನ್ನು ತೋರಿಸಿದರೆ ಬಂದವರು ನಂಬುವುದೇ ಇಲ್ಲ. ಬಿಳಿ ಮೇಣದ ಎಳೆಗಳನ್ನು ಮೈತುಂಬ ಹೊದ್ದ ಸ್ವಲ್ಪ ದೊಡ್ಡ ಹುಳುವನ್ನು ಕಡ್ಡಿಯಿಂದ ತಿರುಗಿಸಿ ನೋಡಿದರೆ ಚುರುಕಾಗಿ ಹೆಜ್ಜೆ ಹಾಕುತ್ತದೆ. ಅದು ಕ್ರಿಪ್ಟೋಲೀಮಸ್ ಎಂಬ ದುಂಬಿಯ ಮರಿ, ಹಿಟ್ಟು ತಿಗಣೆಯನ್ನೂ ಅದರ ಮೊಟ್ಟೆಯನ್ನೂ ತಿನ್ನುವುದೇ ಅದರ ಉದ್ಯೋಗ. ಬೆಳೆದ ಮೇಲೆ ಕಪ್ಪು ಬೆನ್ನು, ಕೆಂಗಿತ್ತಳೆ ತಲೆ. ಇದು ಇಲ್ಲಿಯದಲ್ಲ. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟಕ್ಕೆ ಮದ್ದಾಗಲಿ ಎಂದು ಆಸ್ಟ್ರೇಲಿಯದಿಂದ ತರಿಸಿದ್ದು. ಬಂದ ಕೆಲಸಕ್ಕಿಂತ ಹಿಟ್ಟು ತಿಗಣೆಯೇ ಅದಕ್ಕೆ ರುಚಿಸಿತು.

ಇನ್ನೊಂದು ಇದಕ್ಕಿಂತ ವಿಚಿತ್ರ. ಚಿಟ್ಟೆಯ ಮರಿ ಎಂದರೆ ಸೊಪ್ಪು ತಿನ್ನುವ ಕಂಬಳಿಹುಳು ಎಂದೇ ನಾವೆಲ್ಲ ತಿಳಿದಿರುವುದು. ಸ್ಪಾಲ್ಗಿಸ್ ಎಂಬ ಬೂದುಗಂದು ಚಿಟ್ಟೆಯ ಮರಿ ಎಲೆಯನ್ನು ಮೂಸುವುದೂ ಇಲ್ಲ, ಹಿಟ್ಟು ತಿಗಣೆಯನ್ನು ತಿನ್ನುತ್ತದೆ. ತಿಗಣೆಯ ಬಿಳಿ ಹಿಟ್ಟನ್ನೇ ಮೈಗೆ ಮೆತ್ತಿಕೊಂಡು ಅವುಗಳ ನಡುವೆಯೇ ಮಲಗಿರುತ್ತದೆ. ಕೋಶವಾದ ಮೇಲೆ ಅದರ ಮೇಲ್ಭಾಗ ಥೇಟ್ ಕೋತಿಯ ಮುಖ: ಕಣ್ಣು, ಮೂಗು, ಹಣೆ ಎಲ್ಲ ಇದೆ. ಹೆಸರುಘಟ್ಟದ ಕಡೆಯಿಂದ ಬಂದಿದ್ದ ನೆಂಟರೊಬ್ಬರು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡು ಹೋದರು. ಮನೆಯಲ್ಲಿ ಯಾರೂ ನಂಬಲಿಲ್ಲವಂತೆ.

ಈ ಹುಳುಗಳನ್ನೆಲ್ಲ ಎಲ್ಲಿಂದ ತರುವುದು ಎಂದು ಕೇಳುವವರಿಗೆ ನಾನು ಮೊದಲು ಬದುವಿನ ಎಕ್ಕದ ಗಿಡವನ್ನು ತೋರಿಸುತ್ತೇನೆ. ಬೇಸಿಗೆಯಲ್ಲಿ ಹೊಲ ಬರಿದಾಗಿರುವಾಗ ಎಕ್ಕದ ಕುಡಿಯಲ್ಲಿ ಅರಿಶಿನ ಬಣ್ಣದ, ಕಪ್ಪು ಕಾಲಿನ ಹೇನು ತುಂಬಿರುತ್ತದೆ. ಅದು ಎಕ್ಕ, ಕಣಗಿಲೆಗಳಂಥ ಹಾಲು ಸುರಿಸುವ ಗಿಡಗಳ ಹೇನು, ನಮ್ಮ ಅಶ್ವಗಂಧಕ್ಕಾಗಲಿ ತುಳಸಿಗಾಗಲಿ ಇಳಿಯುವ ಪೈಕಿಯಲ್ಲ. ಅದನ್ನು ತಿನ್ನುತ್ತ ಗುಲಗಂಜಿ ಹುಳುಗಳು ಬೇಸಿಗೆ ಕಳೆಯುತ್ತವೆ, ಮಳೆ ಬಿದ್ದು ಬೆಳೆ ಎದ್ದಾಗ ಹೊಲಕ್ಕೆ ಬರುತ್ತವೆ. ಬದು ಸ್ವಚ್ಛ ಮಾಡುವ ಹುಮ್ಮಸ್ಸಿನಲ್ಲಿ ಕಳೆನಾಶಕ ಹೊಡೆದು ಎಕ್ಕವನ್ನು ಸುಟ್ಟವರು ತಮ್ಮ ಕಾವಲಿನವರನ್ನೇ ಊರು ಬಿಡಿಸಿದರು. ಸಾಲಿನ ನಡುವೆ ನಾಲ್ಕು ಸಬ್ಬಸಿಗೆ, ಕೊತ್ತಂಬರಿಯನ್ನು ಕೀಳದೆ ಹೂವಿಗೆ ಬಿಟ್ಟರೆ ಸಿರ್ಫಿಡ್ ನೊಣಗಳು ಬರುತ್ತವೆ. ಹಳದಿ ಪಟ್ಟೆಯಿಂದಾಗಿ ಜನ ಅದನ್ನು ಕಣಜವೆಂದು ಹೆದರುತ್ತಾರೆ, ಕಚ್ಚುವುದಿಲ್ಲ. ನೊಣಕ್ಕೆ ಮಕರಂದ ಬೇಕು, ಅದರ ಕಾಲಿಲ್ಲದ ಮರಿಗೆ ಹೇನು ಬೇಕು. ಬಜೆ ಗದ್ದೆಯ ನೀರಿನ ಮೇಲೆ ಏರೋಪ್ಲೇನ್ ಚಿಟ್ಟೆಗಳು, ಎಲೆಗಳ ನಡುವೆ ಜೇಡಗಳು ಇದ್ದೇ ಇರುತ್ತವೆ, ಅವುಗಳ ಬಗ್ಗೆ ಬರೆಯಲು ಹೋದರೆ ನಿಮ್ಮ ಪುಟ ಸಾಲದು.

ಇವೆಲ್ಲ ನಮ್ಮ ಜಿಲ್ಲೆಗೆ ಹೊಸ ಮಾತುಗಳಲ್ಲ ಎಂಬುದೇ ನನ್ನ ಸಿಟ್ಟಿಗೆ ಕಾರಣ. ತಿಪಟೂರು, ಗುಬ್ಬಿ, ತುರುವೇಕೆರೆ ಕಡೆಯ ತೆಂಗಿನವರನ್ನು ಕೇಳಿ. ಕಪ್ಪುತಲೆ ಹುಳು ಬಂದಾಗ ಗೋನಿಯೋಜಸ್ ಎಂಬ ಪರಾವಲಂಬಿ ಕಣಜವನ್ನು ತಂದು ಮರಕ್ಕೆ ಬಿಡುವುದು ಅವರಿಗೆ ಗೊತ್ತು. 2016ರಲ್ಲಿ ಪೊಳ್ಳಾಚಿಯಲ್ಲಿ ಮೊದಲು ಕಂಡ ಸುರುಳಿಯಾಕಾರದ ಬಿಳಿನೊಣ ನಮ್ಮ ತೆಂಗಿಗೂ ಬಂದಾಗ ವಿಜ್ಞಾನಿಗಳು ಹೇಳಿದ್ದು ವಿಷ ಹೊಡೆಯಬೇಡಿ, ಎನ್ಕಾರ್ಸಿಯಾ ಕಣಜ ತನ್ನ ಕೆಲಸ ತಾನು ಮಾಡಲಿ ಎಂದೇ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯ ಹಿಟ್ಟು ತಿಗಣೆ ಹಿಪ್ಪುನೇರಳೆಗೂ ಹಬ್ಬಿ ರೇಷ್ಮೆಯವರನ್ನು ಅಳಿಸಿತು. ಎಷ್ಟು ಸಿಂಪಡಿಸಿದರೂ ಬಗ್ಗದ ಅದನ್ನು ಬಗ್ಗಿಸಿದ್ದು 2010ರಲ್ಲಿ ಹೊರದೇಶದಿಂದ ತರಿಸಿ ಹೆಬ್ಬಾಳದ ಕೀಟ ಸಂಸ್ಥೆಯವರು ಬಿಟ್ಟ ಮೂರು ಬಗೆಯ ಪುಟ್ಟ ಕಣಜಗಳು. ತೆಂಗಿಗೆ, ಹಿಪ್ಪುನೇರಳೆಗೆ ಇರುವ ಈ ವಿವೇಕ ಔಷಧಿ ಗಿಡಗಳ ಸರದಿ ಬಂದಾಗ ಎಲ್ಲಿ ಹೋಗುತ್ತದೆಯೋ ತಿಳಿಯದು. ಬೆಳೆಯುವ ವಿಸ್ತೀರ್ಣ ಕಡಿಮೆ, ಕೇಳುವ ಬಾಯಿಗಳೂ ಕಡಿಮೆ, ಅದಕ್ಕಿರಬಹುದು.

ಕೀಟನಾಶಕದ ಅಂಗಡಿಯ ಕಥೆ ಬೇರೆ. 1968ರ ಕೀಟನಾಶಕ ಕಾಯ್ದೆಯಂತೆ ಬಾಟಲಿಯ ಚೀಟಿಯಲ್ಲಿ ಅದನ್ನು ಯಾವ ಬೆಳೆಗೆ, ಯಾವ ಕೀಟಕ್ಕೆ, ಎಷ್ಟು ಬಳಸಬೇಕು, ಕಟಾವಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದು ಬರೆದಿರಬೇಕು. ಸಣ್ಣ ಅಕ್ಷರ, ಆದರೂ ಬರೆದಿರುತ್ತದೆ. ಹತ್ತಿ, ಭತ್ತ, ಮೆಣಸಿನಕಾಯಿ, ಟೊಮೆಟೊ ಎಂದಿರುತ್ತದೆ. ಬಜೆ, ಅಶ್ವಗಂಧ, ತುಳಸಿಯ ಹೆಸರು ಸಾಮಾನ್ಯವಾಗಿ ಇರುವುದೇ ಇಲ್ಲ. ಎಂದರೆ ನಮ್ಮ ಬೆಳೆಯಲ್ಲಿ ಆ ವಿಷ ಎಷ್ಟು ದಿನ ಉಳಿಯುತ್ತದೆ, ಒಣಗಿಸಿದ ಬೇರಿನಲ್ಲಿ ಎಷ್ಟು ಸಾಂದ್ರವಾಗುತ್ತದೆ ಎಂಬ ಲೆಕ್ಕ ಆ ಚೀಟಿಯಲ್ಲಿ ಇಲ್ಲ. ಅಂಗಡಿಯವರು ಪಾಪ, ಬದನೆಗೆ ಏನು ಕೊಡುತ್ತಾರೋ ಅದನ್ನೇ ಇದಕ್ಕೂ ಕೊಡುತ್ತಾರೆ. ನಿಮ್ಮ ಲೇಖನವೂ ಅದನ್ನೇ ಮಾಡಿದೆ: ಬೆಳೆ ಅಶ್ವಗಂಧ, ಪ್ರಮಾಣ ಬದನೆಯದು. ಬೇವಿನ ಎಣ್ಣೆಯಾದರೆ ಚಿಂತೆಯಿಲ್ಲ ಎನ್ನುವವರಿಗೂ ಒಂದು ಮಾತು, ಗುಲಗಂಜಿಯ ಎಳೆಯ ಮರಿಹುಳುಗಳಿಗೆ ಅದರಿಂದಲೂ ಪೆಟ್ಟು ಬೀಳುತ್ತದೆ. ಹೇನು ಇರುವ ಕುಡಿಗೆ ಮಾತ್ರ ಹೊಡೆದರೆ ಸಾಕು, ಹೊಲ ಪೂರ್ತಿ ತೋಯಿಸಬೇಕಾಗಿಲ್ಲ.

ಖರೀದಿದಾರರ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಷ ಹೊಡೆದ ಬಜೆಗೂ ಹೊಡೆಯದ ಬಜೆಗೂ ಒಂದೇ ದರ. ಗಾತ್ರ, ಒಣಗಿದ ಹದ ನೋಡುತ್ತಾರೆ. ಬೇರು ಮುರಿದು ಮೂಸಿ ನೋಡುವ ಹಳಬರು ಇನ್ನೂ ಒಬ್ಬಿಬ್ಬರು ಇದ್ದಾರೆ, ಅವರಿಗೂ ಮೂಗಿನಲ್ಲಿ ಇಮಿಡಾಕ್ಲೋಪ್ರಿಡ್‌ನಂಥ ವಿಷ ಸಿಗುವುದಿಲ್ಲ. ಪ್ರಯೋಗಾಲಯದ ಪರೀಕ್ಷೆಗೆ ಹೋಗುವುದು ರಫ್ತಿನ ಮಾಲು. ತೊಟ್ಟಿಲಿನ ಮಗುವಿಗೆ ತೇಯ್ದು ಕೊಡುವ ತುಂಡು ಸಂತೆಯಿಂದ ಬರುತ್ತದೆ.

ನಿಮ್ಮ 'ರೈತರ ಪ್ರಶ್ನೆಗೆ ಉತ್ತರ' ಅಂಕಣ ನಮ್ಮ ಊರಿನಲ್ಲಿ ಓದುವವರು ಬಹಳ. ಔಷಧಿ ಬೆಳೆಯ ಪ್ರಶ್ನೆ ಬಂದರೆ ಉತ್ತರಿಸುವ ತಜ್ಞರಿಗೆ ದಯವಿಟ್ಟು ಎರಡು ವಿಚಾರ ತಿಳಿಸಿ. ಗಿಡದ ಮೇಲಿರುವ ಹುಳುವಿನ ಫೋಟೊ ತರಿಸಿಕೊಂಡು ನೋಡದೆ ಸಿಂಪಡಣೆ ಹೇಳಬೇಡಿ. ಹೇಳಲೇಬೇಕಾದರೆ ಆ ಬೆಳೆಯ ಹೆಸರು ಬಾಟಲಿಯ ಚೀಟಿಯಲ್ಲಿ ಇದೆಯೇ ಎಂಬುದನ್ನೂ ಉತ್ತರದಲ್ಲೇ ಬರೆಯಿರಿ. ಹಾಗೆಯೇ ಹಿರೇಹಳ್ಳಿ, ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರು ಇದನ್ನು ಓದಿದರೆ ಒಂದು ವಿನಂತಿ. ನಮ್ಮ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಈಗ ಇರುವುದು ಗೊಬ್ಬರದ ದರಪಟ್ಟಿ ಮತ್ತು ಹಳೆಯ ಯೋಜನೆಯೊಂದರ ಬಣ್ಣ ಹೋದ ಭಿತ್ತಿಪತ್ರ. ಅದರ ಜಾಗದಲ್ಲಿ ಗುಲಗಂಜಿ ಹುಳುವಿನ ಮರಿ, ಎಪಿಲಾಕ್ನಾ ಮರಿ, ಕಣಜ ಹೊಕ್ಕ ಕಂದು ಮರಿ, ಕ್ರಿಪ್ಟೋಲೀಮಸ್ ಮರಿ, ಈ ನಾಲ್ಕರ ದೊಡ್ಡ ಚಿತ್ರ ಹಾಕಿಸಿ. ಮುಂದಿನ ಮುಂಗಾರಿಗೆ ಬೀಜ ಕೊಳ್ಳಲು ಸಾಲಿನಲ್ಲಿ ನಿಂತಾಗ ಜನರಿಗೆ ನೋಡಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಇಂತಿ,
ಬಜೆ ಬೆಳೆಗಾರ್ತಿ,
ಕೊರಟಗೆರೆ ತಾಲ್ಲೂಕು, ತುಮಕೂರು ಜಿಲ್ಲೆ